ಕೊಡೆ ಹಿಡಿದವನ ಕೈ: ಸೂಯೆಜ್, ಸಿನಾಯ್ ಮತ್ತು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ

ಕೆಲವು ವಾರಗಳ ಹಿಂದೆ ಜುಮಾ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ ಕಾಲೇಜು ಓದುವ ಹುಡುಗನೊಬ್ಬ ನಮ್ಮ ಬಳಿ ಬಂದ. "ಉಸ್ತಾದರೇ, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ದಿನಾ ಯುದ್ಧ ನಿಲ್ಲಿಸಿ ಅಂತ ಹೇಳ್ತಾರೆ. ಒಬ್ಬರೂ ಕೇಳಲ್ಲ. ಹಾಗಾದ್ರೆ ಆ ಕುರ್ಚಿ ಯಾಕೆ ಬೇಕು?" ಎಂದು ಕೇಳಿದ. ಅವನ ದನಿಯಲ್ಲಿ ಕುತೂಹಲಕ್ಕಿಂತ ಸಿಟ್ಟೇ ಹೆಚ್ಚಿತ್ತು. ಗಾಝಾದ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ಬೆಳೆಯುತ್ತಿರುವ ಮಕ್ಕಳ ಸಿಟ್ಟು ಅದು. ಅಂದು ನಾವು ಅರ್ಧ ಉತ್ತರವನ್ನಷ್ಟೇ ಕೊಟ್ಟೆವು. ಉಳಿದ ಅರ್ಧಕ್ಕಾಗಿ ಈ ಲೇಖನ.

ನಾವು ಬಿ.ಎ. ಓದುವಾಗ ವಿಶ್ವಸಂಸ್ಥೆಯ ಸನ್ನದಿನ 97, 98, 99, 100ನೇ ವಿಧಿಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಐದು ಅಂಕದ ಪ್ರಶ್ನೆ ಅದು. ಪ್ರಧಾನ ಕಾರ್ಯದರ್ಶಿಯೆಂದರೆ ಸಂಸ್ಥೆಯ ಮುಖ್ಯ ಆಡಳಿತಾಧಿಕಾರಿ, ಇದು 97. ಭದ್ರತಾ ಮಂಡಳಿ, ಸಾಮಾನ್ಯ ಸಭೆ ಮುಂತಾದವು ವಹಿಸಿದ ಕೆಲಸವನ್ನು ಅವರು ಮಾಡಬೇಕು, ಇದು 98. ಲೋಕದ ಶಾಂತಿಗೆ ಅಪಾಯವೆಂದು ತಮಗೆ ಕಂಡ ಯಾವುದೇ ವಿಷಯವನ್ನು ತಾವಾಗಿಯೇ ಭದ್ರತಾ ಮಂಡಳಿಯ ಗಮನಕ್ಕೆ ತರಬಹುದು, ಇದು 99. ಯಾವ ಸರಕಾರದ ಆಜ್ಞೆಯನ್ನೂ ಅವರು ಸ್ವೀಕರಿಸುವಂತಿಲ್ಲ, ಇದು 100. ಮುಗಿಯಿತು. ಸೈನ್ಯ ಎಂಬ ಮಾತು ಈ ನಾಲ್ಕರಲ್ಲಿ ಎಲ್ಲೂ ಇಲ್ಲ. ಇಂದು ನಾವೆಲ್ಲ ನೀಲಿ ಹೆಲ್ಮೆಟ್ಟಿನಿಂದ ಗುರುತಿಸುವ ಶಾಂತಿಪಾಲನಾ ಪಡೆಯ ಹೆಸರಂತೂ ಇಡೀ ಸನ್ನದಿನಲ್ಲೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಕಾಗದದಲ್ಲಿ ಇಲ್ಲದ್ದನ್ನು ಒಬ್ಬ ಮನುಷ್ಯ ಹೇಗೆ ಕಟ್ಟಿದರು, ಇನ್ನೊಬ್ಬ ಮನುಷ್ಯ ಅದನ್ನು ಹೇಗೆ ಬಿಚ್ಚಬೇಕಾಯಿತು? ಈ ಕಥೆ ನಡೆದದ್ದು ಈಜಿಪ್ಟಿನ ನೆಲದಲ್ಲಿ, ಸೂಯೆಜ್ ಕಾಲುವೆಯಿಂದ ಗಾಝಾದವರೆಗಿನ ಮರಳಿನಲ್ಲಿ.

1956ರ ಜುಲೈ 26ರಂದು ಜಮಾಲ್ ಅಬ್ದುಲ್ ನಾಸಿರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣ ಮಾಡುತ್ತ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದೆವೆಂದು ಘೋಷಿಸಿದರು. ಬ್ರಿಟನ್ ಮತ್ತು ಫ್ರಾನ್ಸ್ ಇದನ್ನು ಸಹಿಸಲಿಲ್ಲ. ಒಳಗೊಳಗೇ ಇಸ್ರೇಲಿನೊಂದಿಗೆ ಸೇರಿ ಸಂಚು ಮಾಡಿದವು. ಅಕ್ಟೋಬರ್ 29ರಂದು ಇಸ್ರೇಲಿ ಸೈನ್ಯ ಸಿನಾಯ್‌ಗೆ ನುಗ್ಗಿತು. ಮರುದಿನ ಬ್ರಿಟನ್ ಮತ್ತು ಫ್ರಾನ್ಸ್ "ಇಬ್ಬರೂ ಕಾಲುವೆಯಿಂದ ದೂರ ಸರಿಯಿರಿ" ಎಂದು ಗಡುವು ಕೊಟ್ಟವು, ಆ ಮೇಲೆ ಈಜಿಪ್ಟಿನ ಮೇಲೆ ಬಾಂಬು ಸುರಿಸಿದವು. ಭದ್ರತಾ ಮಂಡಳಿಯಲ್ಲಿ ಯುದ್ಧ ನಿಲ್ಲಿಸುವ ನಿರ್ಣಯ ಬಂದಾಗ ಅದಕ್ಕೆ ವೀಟೋ ಹಾಕಿದವರೂ ಇವರೇ. ಕಳ್ಳನೇ ಕಾವಲುಗಾರನಾದರೆ ದೂರು ಕೊಡುವುದು ಯಾರಿಗೆ?

ಆಗ ಪ್ರಧಾನ ಕಾರ್ಯದರ್ಶಿಯಾಗಿದ್ದವರು ಸ್ವೀಡನ್ನಿನ ಡಾಗ್ ಹ್ಯಾಮರ್‌ಶೋಲ್ಡ್. ಕಡಿಮೆ ಮಾತಿನ, ಏಕಾಂಗಿ ಮನುಷ್ಯ. ದೊಡ್ಡ ದೇಶಗಳು ಅವರನ್ನು ಆರಿಸುವಾಗ ಒಬ್ಬ ಒಳ್ಳೆಯ ಗುಮಾಸ್ತ ಸಿಕ್ಕಿದನೆಂದು ಭಾವಿಸಿದ್ದವು. ಆದರೆ ಆ ಗುಮಾಸ್ತ ಎಂಥವರೆಂಬುದು ಹಿಂದಿನ ವರ್ಷವೇ ಗೊತ್ತಾಗಿತ್ತು. ಚೀನಾದ ಸೆರೆಯಲ್ಲಿದ್ದ 11 ಮಂದಿ ಅಮೆರಿಕನ್ ವಾಯುಸೈನಿಕರನ್ನು ಬಿಡಿಸುವ ಕೆಲಸವನ್ನು ಸಾಮಾನ್ಯ ಸಭೆ ಅವರಿಗೆ ವಹಿಸಿತು. ಕಮ್ಯುನಿಸ್ಟ್ ಚೀನಾಕ್ಕೆ ಆಗ ವಿಶ್ವಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ, ಮೇಲಾಗಿ ಅದೇ ನಿರ್ಣಯ ಚೀನಾವನ್ನು ಖಂಡಿಸಿತ್ತು. ಬೈದ ಪತ್ರ ಹಿಡಿದು ಬಾಗಿಲು ತಟ್ಟಿದರೆ ಯಾರು ತೆರೆಯುತ್ತಾರೆ? ಹ್ಯಾಮರ್‌ಶೋಲ್ಡ್ ಆ ನಿರ್ಣಯವನ್ನು ಬದಿಗಿಟ್ಟು, ಸನ್ನದು ತನ್ನ ಹುದ್ದೆಗೆ ಕೊಟ್ಟ ಹೊಣೆಯ ಮೇಲೆ ಮಾತಾಡಲು ಬಂದಿದ್ದೇನೆಂದು 1955ರ ಜನವರಿಯಲ್ಲಿ ಬೀಜಿಂಗಿಗೆ ಹೋಗಿ ಚೌ ಎನ್‌ಲಾಯ್ ಎದುರು ಕುಳಿತರು. ತಿಂಗಳುಗಳು ಕಳೆದವು. ಆಗಸ್ಟಿನ ಹೊತ್ತಿಗೆ, ಅವರ 50ನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಸೆರೆಯಾಳುಗಳು ಬಿಡುಗಡೆಯಾದರು. ಪ್ರಧಾನ ಕಾರ್ಯದರ್ಶಿಯ ರಾಜತಾಂತ್ರಿಕ ಶಕ್ತಿಯೆಂದರೆ ಇಷ್ಟೇ: ಜಗಳವಾಡುವ ಇಬ್ಬರೂ ಬಾಗಿಲು ತೆರೆಯಬಹುದಾದ ಮೂರನೆಯ ಮನುಷ್ಯನಾಗಿರುವುದು.

ಸೂಯೆಜ್ ವಿಷಯಕ್ಕೆ ಮರಳೋಣ. ಅಕ್ಟೋಬರ್ 31ರಂದು ಹ್ಯಾಮರ್‌ಶೋಲ್ಡ್ ಭದ್ರತಾ ಮಂಡಳಿಯಲ್ಲಿ ಎದ್ದುನಿಂತು, ಸನ್ನದಿನ ತತ್ವಗಳು ಸಂಸ್ಥೆಗಿಂತ ದೊಡ್ಡವು, ಹೀಗೆ ನಡೆದುಕೊಳ್ಳುವ ನನ್ನ ಹಕ್ಕನ್ನು ನೀವು ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂಬ ಅರ್ಥ ಬರುವಂತೆ ಮಾತಾಡಿದರು. ರಾಜೀನಾಮೆಯನ್ನು ಜೇಬಿನಲ್ಲಿಟ್ಟು ಮಾತಾಡುವವನ ಮಾತಿಗೆ ಒಂದು ತೂಕವಿರುತ್ತದೆ. ವೀಟೋ ಇಲ್ಲದ ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ವಿಷಯ ಹೋಯಿತು. ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಒಂದು ಅಂತರರಾಷ್ಟ್ರೀಯ ಪಡೆಯ ಸಲಹೆ ಮುಂದಿಟ್ಟರು. ನವೆಂಬರ್ 4ರಂದು ಸಭೆ ಪ್ರಧಾನ ಕಾರ್ಯದರ್ಶಿಗೆ 48 ಗಂಟೆ ಕೊಟ್ಟು ಯೋಜನೆ ತರಲು ಹೇಳಿತು. ಹ್ಯಾಮರ್‌ಶೋಲ್ಡ್‌ಗೆ ಮೊದಮೊದಲು ಈ ಯೋಚನೆಯಲ್ಲಿ ನಂಬಿಕೆಯೇ ಇರಲಿಲ್ಲ. ಆದರೂ ನವೆಂಬರ್ 6ರೊಳಗೆ ಎರಡು ವರದಿಗಳನ್ನು ಬರೆದು ಕೊಟ್ಟರು.

ಆ ಎರಡನೆಯ ವರದಿಯನ್ನೇ ಶಾಂತಿಪಾಲನೆಯ ಮೂಲಗ್ರಂಥವೆನ್ನಬಹುದು. ಪಡೆ ಯುದ್ಧ ಮಾಡಲು ಹೋಗುವುದಿಲ್ಲ. ತನ್ನ ರಕ್ಷಣೆಗಲ್ಲದೆ ಗುಂಡು ಹಾರಿಸುವುದಿಲ್ಲ. ಭದ್ರತಾ ಮಂಡಳಿಯ ಕಾಯಂ ಸದಸ್ಯ ದೇಶಗಳ ಸೈನಿಕರು ಅದರಲ್ಲಿರುವುದಿಲ್ಲ. ಯಾವ ದೇಶದ ನೆಲದಲ್ಲಿ ಪಡೆ ನಿಲ್ಲಬೇಕೋ ಆ ದೇಶದ ಒಪ್ಪಿಗೆ ಬೇಕೇ ಬೇಕು. ಪಡೆಯ ದಂಡನಾಯಕರನ್ನು ವಿಶ್ವಸಂಸ್ಥೆ ನೇಮಿಸುತ್ತದೆ, ಅವರು ಯಾವ ದೇಶಕ್ಕೂ ಉತ್ತರ ಕೊಡುವುದಿಲ್ಲ, ಪ್ರಧಾನ ಕಾರ್ಯದರ್ಶಿಗೆ ಕೊಡುತ್ತಾರೆ. ನವೆಂಬರ್ 7ರಂದು ಸಭೆ ಇದನ್ನು ಒಪ್ಪಿತು. ಅಷ್ಟರಲ್ಲಿ ಕದನವಿರಾಮವೂ ಆಗಿತ್ತು. ಒಂದು ಮಾತು ಹೇಳಲೇಬೇಕು. ಬ್ರಿಟನ್ ನಿಂತದ್ದು ಹ್ಯಾಮರ್‌ಶೋಲ್ಡ್ ವರದಿ ಓದಿ ಮನಕರಗಿ ಅಲ್ಲ. ಅಮೆರಿಕದ ಐಸೆನ್‌ಹೋವರ್ ಕೈಕೊಟ್ಟರು, ಪೌಂಡಿನ ಬೆಲೆ ಕುಸಿಯತೊಡಗಿತು, ಸೋವಿಯತ್ ರಷ್ಯಾ ಬೆದರಿಕೆ ಹಾಕಿತು. ಆದರೆ ಸೋತವರಿಗೂ ಮುಖ ಉಳಿಸಿಕೊಂಡು ಹೊರಗೆ ಹೋಗಲು ಒಂದು ಬಾಗಿಲು ಬೇಕು. ಅದನ್ನು ಮಾಡಿಕೊಟ್ಟವರು ಪ್ರಧಾನ ಕಾರ್ಯದರ್ಶಿ.

ಪಡೆ ಕಟ್ಟಿದ ಬಗೆಯೂ ಸ್ವಾರಸ್ಯಕರ. ಸಮವಸ್ತ್ರ ಹೊಲಿಸಲು ಸಮಯವಿರಲಿಲ್ಲ. ನೀಲಿ ಟೋಪಿ ತಯಾರಾಗಲು ವಾರಗಟ್ಟಲೆ ಬೇಕೆಂದಾಗ, ಅಮೆರಿಕನ್ ಸೈನ್ಯದ ಹೆಲ್ಮೆಟ್ಟಿನ ಒಳಗವಸುಗಳಿಗೆ ನೀಲಿ ಬಣ್ಣ ಹೊಡೆದು ಕೊಟ್ಟರಂತೆ. ಇಂದಿನ 'ನೀಲಿ ಹೆಲ್ಮೆಟ್' ಹುಟ್ಟಿದ್ದು ಹಾಗೆ. ನವೆಂಬರ್ 15ರಂದು ಮೊದಲ ತುಕಡಿ ಈಜಿಪ್ಟಿನ ಅಬೂ ಸುವೈರ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಭಾರತ, ಇಂಡೋನೇಷ್ಯಾ, ಯುಗೊಸ್ಲಾವಿಯಾ, ಬ್ರೆಜಿಲ್, ಕೆನಡಾ, ಸ್ವೀಡನ್ ಮುಂತಾದ 10 ದೇಶಗಳ ಸೈನಿಕರು ಸೇರಿದರು. ಕೆನಡಾ ಕಳಿಸಲಿದ್ದ ಕಾಲಾಳು ಪಡೆಯ ಹೆಸರು 'ಕ್ವೀನ್ಸ್ ಓನ್ ರೈಫಲ್ಸ್'. ಬ್ರಿಟಿಷ್ ರಾಣಿಯ ಹೆಸರು, ಬ್ರಿಟಿಷರಂಥದ್ದೇ ಉಡುಪು! ನಿನ್ನೆ ಬಾಂಬು ಹಾಕಿದವರ ವೇಷದಲ್ಲೇ ಇಂದು ಶಾಂತಿಪಾಲಕರು ಬಂದರೆ ಪೋರ್ಟ್ ಸೈದಿನ ಜನ ಏನು ಮಾಡಿಯಾರು? ನಾಸಿರ್ ಬೇಡವೆಂದರು. ಕೊನೆಗೆ ಕೆನಡಾ ಸಾಗಣೆ, ವಿಮಾನ ಮುಂತಾದ ಬೆಂಬಲದ ಕೆಲಸಕ್ಕೆ ಜನ ಕಳಿಸಿತು.

ಈಗ ಈ ಕಥೆಯ ಗಂಟಿಗೆ ಬರೋಣ. ನವೆಂಬರ್ ಮಧ್ಯದಲ್ಲಿ ಹ್ಯಾಮರ್‌ಶೋಲ್ಡ್ ಕೈರೋಗೆ ಹೋಗಿ ನಾಸಿರ್ ಜೊತೆ ಕುಳಿತರು. ಪ್ರಶ್ನೆ ಒಂದೇ: ಪಡೆ ಎಷ್ಟು ಕಾಲ ಇರಬೇಕು, ಹೊರಗೆ ಕಳಿಸುವ ಹಕ್ಕು ಯಾರದು? ನಾಸಿರ್‌ಗೆ ಇದು ತನ್ನ ದೇಶದ ಸಾರ್ವಭೌಮತ್ವದ ಮಾತು. ಒಂದು ವಿದೇಶಿ ಸೈನ್ಯವನ್ನು ಓಡಿಸಿ ಇನ್ನೊಂದನ್ನು ಮನೆಯೊಳಗೆ ಕಾಯಂ ಕೂರಿಸುವುದಕ್ಕೆ ಅವರು ಸಿದ್ಧರಿರಲಿಲ್ಲ. ಹ್ಯಾಮರ್‌ಶೋಲ್ಡ್‌ಗೆ ನಾಳೆ ಬೆಳಿಗ್ಗೆ ಒಬ್ಬರ ಸಿಟ್ಟಿಗೆ ಪಡೆ ಮೂಟೆ ಕಟ್ಟುವಂತಾಗಬಾರದೆಂಬ ಆತಂಕ. ಇಬ್ಬರೂ ಒಪ್ಪಿ ಬರೆದ ಟಿಪ್ಪಣಿಯ ತಾತ್ಪರ್ಯ ಇಷ್ಟು: ಪಡೆಯ ಇರುವಿಕೆ ಮತ್ತು ಕೆಲಸದ ವಿಷಯದಲ್ಲಿ ತನ್ನ ಸಾರ್ವಭೌಮ ಹಕ್ಕನ್ನು ಬಳಸುವಾಗ ಈಜಿಪ್ಟ್, ತಾನು ಒಪ್ಪಿದ ಸಾಮಾನ್ಯ ಸಭೆಯ ನಿರ್ಣಯಕ್ಕೆ ಅನುಸಾರವಾಗಿ ಸದ್ಭಾವನೆಯಿಂದ ನಡೆಯುತ್ತದೆ. ವಿಶ್ವಸಂಸ್ಥೆಯೂ ಸದ್ಭಾವನೆಯಿಂದ ನಡೆದು, ಕೆಲಸ ಮುಗಿಯುವ ತನಕ ಪಡೆಯನ್ನು ಇರಿಸಲು ಸಿದ್ಧವಿದೆ.

ಸದ್ಭಾವನೆ! ನಮ್ಮ ಜಮಾಅತಿನಲ್ಲಿ ಅಣ್ಣತಮ್ಮಂದಿರ ಬಾವಿಯ ತಕರಾರನ್ನು ತೀರಿಸಲು ಕುಳಿತಾಗ ಇಂಥದ್ದೇ ಒಂದು ಕಾಗದವನ್ನು ನಾವೇ ಬರೆದದ್ದುಂಟು. "ಇಬ್ಬರೂ ಪರಸ್ಪರ ಸಹಕಾರದಿಂದ ನೀರು ಬಳಸತಕ್ಕದ್ದು" ಎಂದು ಬರೆದೆವು. ವಾರಕ್ಕೆ ಯಾರಿಗೆ ಎಷ್ಟು ದಿನ, ಪಂಪಿನ ಕರೆಂಟು ಬಿಲ್ಲು ಯಾರದು ಎಂದು ಬರೆಯಲು ಹೋಗಿದ್ದರೆ ಅಂದು ಒಬ್ಬನೂ ಸಹಿ ಹಾಕುತ್ತಿರಲಿಲ್ಲ. ಐದು ಬೇಸಿಗೆ ಕಳೆದ ಮೇಲೆ 'ಸಹಕಾರ' ಎಂದರೆ ಏನೆಂದು ಕೇಳಿಕೊಂಡು ಇಬ್ಬರೂ ಮತ್ತೆ ನಮ್ಮ ಮುಂದೆ ಬಂದು ನಿಂತರು. ಆದ್ದರಿಂದ ಹ್ಯಾಮರ್‌ಶೋಲ್ಡ್ ಬರೆದ ಮಾತು ಅಸ್ಪಷ್ಟವೆಂದು ಟೀಕಿಸುವ ಪಂಡಿತರ ಮೇಲೆ ನಮಗೆ ಹೆಚ್ಚು ಗೌರವ ಬರುವುದಿಲ್ಲ. ಆ ಅಸ್ಪಷ್ಟತೆಯಿಂದಲೇ ಡಿಸೆಂಬರ್ 22ರ ಹೊತ್ತಿಗೆ ಬ್ರಿಟಿಷ್, ಫ್ರೆಂಚ್ ಸೈನ್ಯ ಹೊರಟುಹೋಯಿತು, ಮುಂದಿನ ಮಾರ್ಚಿನಲ್ಲಿ ಇಸ್ರೇಲ್ ಗಾಝಾ ಮತ್ತು ಶರ್ಮ್ ಅಲ್‌ಶೇಖ್ ತೆರವು ಮಾಡಿತು, ಏಪ್ರಿಲಿನಲ್ಲಿ ಕಾಲುವೆ ಮತ್ತೆ ಹಡಗುಗಳಿಗೆ ತೆರೆಯಿತು. ಹತ್ತು ವರ್ಷ ಆ ಗಡಿ ಹೆಚ್ಚುಕಡಿಮೆ ತಣ್ಣಗಿತ್ತು.

ಒಂದು ವಿಷಯವನ್ನು ಮಾತ್ರ ಓದುಗರು ನೆನಪಿಡಬೇಕು. ಪಡೆ ನಿಂತದ್ದು ಗಡಿಯ ಈಜಿಪ್ಟ್ ಬದಿಯಲ್ಲಿ ಮಾತ್ರ. ತನ್ನ ಬದಿಯಲ್ಲಿ ಒಬ್ಬ ನೀಲಿ ಹೆಲ್ಮೆಟ್ಟಿನವನೂ ಕಾಲಿಡಲು ಇಸ್ರೇಲ್ ಬಿಡಲಿಲ್ಲ.

ಹ್ಯಾಮರ್‌ಶೋಲ್ಡ್ 1960ರ ಜುಲೈ 13ರಂದು 99ನೇ ವಿಧಿಯಡಿ ಕಾಂಗೋ ವಿಷಯವನ್ನು ಮಂಡಳಿಯ ಮುಂದಿಟ್ಟರು, ಅಲ್ಲಿಗೂ ದೊಡ್ಡ ಪಡೆ ಹೋಯಿತು. ಆ ಕೆಸರಿನಲ್ಲಿ ಎಲ್ಲರ ಬೈಗುಳವೂ ಅವರಿಗೆ ಸಿಕ್ಕಿತು. ಲುಮುಂಬಾರನ್ನು ಉಳಿಸಲಾಗಲಿಲ್ಲವೆಂಬ ಆರೋಪ ಇಂದಿಗೂ ಹೋಗಿಲ್ಲ, ಹೋಗಬೇಕಾದ್ದೂ ಅಲ್ಲ. 1961ರ ಸೆಪ್ಟೆಂಬರ್ 18ರಂದು ಕದನವಿರಾಮದ ಮಾತುಕತೆಗೆ ಹೋಗುತ್ತಿದ್ದ ಅವರ ವಿಮಾನ ಎನ್‌ಡೋಲಾ ಬಳಿ ಬಿದ್ದು ಅವರು ತೀರಿಕೊಂಡರು.

ಅವರ ಕುರ್ಚಿಗೆ ಬಂದವರು ಬರ್ಮಾದ ಊ ಥಾಂಟ್. ಪಾಂತನಾವ್ ಎಂಬ ಊರಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಲೋಕ ಅಣುಯುದ್ಧದ ಅಂಚಿಗೆ ಬಂದಾಗ, ಯಾರ ಅಪ್ಪಣೆಗೂ ಕಾಯದೆ ಕೆನಡಿ ಮತ್ತು ಕ್ರುಶ್ಚೇವ್ ಇಬ್ಬರಿಗೂ ಪತ್ರ ಬರೆದು ಸ್ವಲ್ಪ ಕಾಲ ಕೈ ತಡೆಯಿರೆಂದು ಕೇಳಿದವರು ಇವರೇ. ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟವಾಗಿ 1964ರ ಮಾರ್ಚಿನಲ್ಲಿ ಅಲ್ಲಿಗೆ ಪಡೆ ಹೋದಾಗ, ಅದರ ದಂಡನಾಯಕರನ್ನು ನೇಮಿಸುವ ಅಧಿಕಾರ ಇವರದಾಗಿತ್ತು. ಅದೇ ವರ್ಷ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಆ ಹುದ್ದೆಗೆ ಕರೆದರು. ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲೇ, ಕರ್ತವ್ಯದಲ್ಲಿರುವಾಗಲೇ ಕೊನೆಯುಸಿರೆಳೆದರು. ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ನಮ್ಮ ಮಕ್ಕಳಿಗೆ ಕೊಡಗಿನ ಕಾಫಿ ಗೊತ್ತು, ಇದು ಗೊತ್ತಿಲ್ಲ.

1967ರ ಮೇ 16ರ ರಾತ್ರಿ. ಗಾಝಾದಲ್ಲಿದ್ದ ಪಡೆಯ ದಂಡನಾಯಕ, ಭಾರತದ ಮೇಜರ್ ಜನರಲ್ ಇಂದ್ರಜಿತ್ ರಿಖ್ಯೆ ಅವರಿಗೆ ಈಜಿಪ್ಟಿನ ಸೇನಾ ಮುಖ್ಯಸ್ಥರ ಪತ್ರ ಬಂತು. ಗಡಿಯಲ್ಲಿರುವ ನಿಮ್ಮ ಸೈನಿಕರನ್ನು ತಕ್ಷಣ ಹಿಂದೆಗೆಯಿರಿ ಎಂಬುದು ಅದರ ಸಾರ. ಇದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ, ಪ್ರಧಾನ ಕಾರ್ಯದರ್ಶಿಗೆ ತಿಳಿಸುತ್ತೇನೆ ಎಂದರು ರಿಖ್ಯೆ. ಸರಿಯಾದ ಉತ್ತರ. ಆದರೆ ಮರುದಿನವೇ ಈಜಿಪ್ಟಿನ ಸೈನಿಕರು ಪಡೆಯ ಕಾವಲು ಠಾಣೆಗಳಿಗೆ ಬಂದು ನಿಂತಿದ್ದರು. ನ್ಯೂಯಾರ್ಕಿನಲ್ಲಿ ಊ ಥಾಂಟ್ ಈಜಿಪ್ಟಿನ ಪ್ರತಿನಿಧಿಯನ್ನು ಕರೆಸಿದರು. ಅರ್ಧ ಪಡೆ ಇರುವುದು, ಅರ್ಧ ಹೋಗುವುದು ಸಾಧ್ಯವಿಲ್ಲ, ನಿಮ್ಮ ಸರಕಾರ ವಿಧಿವತ್ತಾಗಿ ಕೇಳಿದರೆ ಇಡೀ ಪಡೆಯನ್ನು ತೆಗೆಯಬೇಕಾಗುತ್ತದೆ ಎಂದರು. ಇದರಿಂದ ನಾಸಿರ್ ಹಿಂಜರಿದಾರೆಂದು ಎಣಿಸಿದ್ದರೇನೋ. ನಾಸಿರ್ ಹಿಂಜರಿಯಲಿಲ್ಲ. ಮೇ 18ರಂದು ವಿದೇಶಾಂಗ ಸಚಿವ ಮಹಮೂದ್ ರಿಯಾದರ ಅಧಿಕೃತ ಪತ್ರ ಬಂತು. ಆ ಸಂಜೆಯೇ ಊ ಥಾಂಟ್ ಒಪ್ಪಿ ಉತ್ತರ ಬರೆದರು.

ಆ ಎರಡು ದಿನಗಳಲ್ಲಿ ಅವರು ಇನ್ನೂ ಎರಡು ಬಾಗಿಲು ತಟ್ಟಿದ್ದರು. ಪಡೆಯನ್ನು ನಿಮ್ಮ ಬದಿಯಲ್ಲಾದರೂ ನಿಲ್ಲಿಸಿಕೊಳ್ಳುತ್ತೀರಾ ಎಂದು ಇಸ್ರೇಲನ್ನು ಕೇಳಿದರು. ಸುತರಾಂ ಸಾಧ್ಯವಿಲ್ಲವೆಂಬ ಉತ್ತರ ಬಂತು. ನಾಸಿರ್‌ಗೆ ವೈಯಕ್ತಿಕ ಮನವಿ ಕಳಿಸಬೇಕೆಂದಿದ್ದರು. ಕಳಿಸಬೇಡಿ, ಕಠಿಣವಾಗಿ ತಿರಸ್ಕರಿಸಬೇಕಾಗುತ್ತದೆ ಎಂದು ಕೈರೋದಿಂದ ಸೂಚನೆ ಬಂತು. ಇತ್ತ ಪಡೆಯ ಬಹುಪಾಲು ಸೈನಿಕರನ್ನು ಕೊಟ್ಟಿದ್ದ ದೇಶಗಳಲ್ಲಿ ಭಾರತ ಮತ್ತು ಯುಗೊಸ್ಲಾವಿಯಾ, ಈಜಿಪ್ಟ್ ಹೋಗೆಂದರೆ ನಮ್ಮವರು ನಿಲ್ಲುವುದಿಲ್ಲವೆಂದು ಸ್ಪಷ್ಟಪಡಿಸಿದ್ದವು. ಆಗ ಇದ್ದದ್ದು ಸುಮಾರು 3,400 ಮಂದಿ, ಹಗುರ ಆಯುಧಗಳು. ಊಟ, ನೀರು, ವಿಮಾನ ಇಳಿಯುವ ನೆಲ ಎಲ್ಲವೂ ಈಜಿಪ್ಟಿನ ಕೃಪೆ.

ಮೇ 22ರಂದು ಊ ಥಾಂಟ್ ಕೈರೋಗೆ ಹೊರಟರು. ದಾರಿಯಲ್ಲಿರುವಾಗಲೇ ತಿರಾನ್ ಜಲಸಂಧಿಯನ್ನು ಇಸ್ರೇಲಿ ಹಡಗುಗಳಿಗೆ ಮುಚ್ಚಿದ ಸುದ್ದಿ ತಲುಪಿತು. ನಾಸಿರ್‌ರನ್ನು ಕಂಡು ಬಂದು, ಎರಡು ವಾರ ಇಬ್ಬರೂ ಸುಮ್ಮನಿರಿ ಎಂಬ ಸಲಹೆ ಇಟ್ಟರು. ಅದು ಜಾರಿಗೆ ಬರಲೇ ಇಲ್ಲ. ಜೂನ್ 5ರಂದು ಇಸ್ರೇಲಿ ವಿಮಾನಗಳು ಈಜಿಪ್ಟಿನ ವಾಯುನೆಲೆಗಳ ಮೇಲೆ ಎರಗಿದವು. ಊರಿಗೆ ಮರಳಲು ಕಾಯುತ್ತಿದ್ದ ಭಾರತದ ಹಲವು ಸೈನಿಕರು ಗಾಝಾದಲ್ಲಿ ಆ ದಾಳಿಗಳಿಗೆ ಬಲಿಯಾದರು. ಆರು ದಿನಗಳಲ್ಲಿ ಸಿನಾಯ್, ಗಾಝಾ, ಪಶ್ಚಿಮ ದಂಡೆ, ಗೋಲನ್ ಹೋದವು. ಬೈತುಲ್ ಮುಖದ್ದಸ್ ಇರುವ ಪೂರ್ವ ಜೆರುಸಲೇಮ್ ಹೋಯಿತು.

ಸಿಟ್ಟೆಲ್ಲ ಬಿದ್ದದ್ದು ಊ ಥಾಂಟ್ ಮೇಲೆ. ಮಳೆ ಶುರುವಾದಾಗ ಮಡಚುವ ಕೊಡೆ ಎಂಥ ಕೊಡೆ ಎಂದು ಇಸ್ರೇಲಿನ ವಿದೇಶಾಂಗ ಸಚಿವ ಅಬ್ಬಾ ಎಬಾನ್ ಹಂಗಿಸಿದರು. ಚಂದದ ಮಾತು. ಆದರೆ ಅದೇ ಕೊಡೆಯನ್ನು ತನ್ನ ಅಂಗಳದಲ್ಲಿ ಬಿಚ್ಚಲು ಹತ್ತು ವರ್ಷವೂ ಬಿಡದವರು, ಕೊನೆಯ ದಿನ ಕೇಳಿದಾಗಲೂ ಒಲ್ಲೆನೆಂದವರು ಹೇಳಿದ್ದರಿಂದ ಅದರ ಚಂದ ಕಡಿಮೆಯಾಗುತ್ತದೆ. ಜೂನಿನಲ್ಲೇ ಇನ್ನೊಂದು ಅಸ್ತ್ರ ಹೊರಬಂತು. 1957ರಲ್ಲಿ ಹ್ಯಾಮರ್‌ಶೋಲ್ಡ್ ಬರೆದಿಟ್ಟಿದ್ದ ಖಾಸಗಿ ಟಿಪ್ಪಣಿಯೊಂದನ್ನು ಅವರ ಪರಿಚಿತರೊಬ್ಬರು ಪ್ರಕಟಿಸಿದರು. ಕೆಲಸ ಮುಗಿಯುವ ಮುನ್ನ ಪಡೆಯನ್ನು ಕಳಿಸದಂತೆ ನಾಸಿರ್ ಕಟ್ಟುಬಿದ್ದಿದ್ದಾರೆ ಎಂಬರ್ಥ ಅದರಲ್ಲಿತ್ತು. ಊ ಥಾಂಟ್ ಇದನ್ನು ಒಪ್ಪಲಿಲ್ಲ: ಅದು ಸಂಸ್ಥೆಯ ದಾಖಲೆಯಲ್ಲ, ಈಜಿಪ್ಟಿಗೆ ತೋರಿಸಿದ್ದೂ ಅಲ್ಲ. ಅವರ ಮಾತು ನ್ಯಾಯವೆಂದೇ ನಮಗೆ ತೋರುತ್ತದೆ. ಕರಾರಿನಲ್ಲಿ ಒಬ್ಬನೇ ತನ್ನ ಡೈರಿಯಲ್ಲಿ ಬರೆದುಕೊಂಡ ಅರ್ಥ ಇನ್ನೊಬ್ಬನನ್ನು ಕಟ್ಟಿಹಾಕಲಾರದು.

ಹಾಗೆಂದು ಊ ಥಾಂಟ್ ತಪ್ಪೇ ಮಾಡಲಿಲ್ಲವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಪಡೆಯನ್ನು ಬಲವಂತದಿಂದ ಉಳಿಸುವ ಶಕ್ತಿ ಅವರಿಗಿರಲಿಲ್ಲ, ನಿಜ. ಆದರೆ ಮಾತಾಡುವ ಶಕ್ತಿಯಿತ್ತು. 99ನೇ ವಿಧಿಯನ್ನು ಅವರು ಕೈಗೆತ್ತಿಕೊಳ್ಳಲಿಲ್ಲ. ಮಂಡಳಿಯಲ್ಲಿ ಒಡಕಿದೆ, ಪ್ರಯೋಜನವಿಲ್ಲವೆಂದು ಭಾವಿಸಿದರು. ವರದಿಗಳನ್ನು ಕೊಟ್ಟರು, ಆದರೆ ಮಂಡಳಿ ಸೇರಿದ್ದು ಮೇ 24ರಂದು, ಅದೂ ಕೆನಡಾ ಮತ್ತು ಡೆನ್ಮಾರ್ಕ್ ಕೇಳಿದ ಮೇಲೆ. ಕೈರೋಗೆ 22ರಂದು ಹೊರಡುವ ಬದಲು 17ರಂದೇ ಹೊರಟಿದ್ದರೆ? ಮನವಿ ಬೇಡವೆಂದರೂ ಕಳಿಸಿಬಿಟ್ಟಿದ್ದರೆ? ಬಾಗಿಲು ಹಾಕಿದರೂ ಹೊಸ್ತಿಲಲ್ಲಿ ಕುಳಿತುಕೊಳ್ಳುವ ಮಧ್ಯಸ್ಥರನ್ನು ನಾವು ಕಂಡಿದ್ದೇವೆ. ನಾಸಿರ್ ಮಾಡಿದ ತಪ್ಪು ಇದಕ್ಕಿಂತ ಎಷ್ಟೋ ದೊಡ್ಡದು. ಅವರ ಹಕ್ಕು ಹಕ್ಕೇ ಆಗಿತ್ತು, ಅದನ್ನು ಬಳಸಿದ ಹೊತ್ತು ಕೆಟ್ಟದ್ದಾಗಿತ್ತು. ಅರಬ್ ಸೋಲಿನ ಬಗ್ಗೆ ನಮ್ಮ ವೇದಿಕೆಗಳಲ್ಲಿ ಮಾತಾಡುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಇನ್ನು ಆ ಹುಡುಗನ ಪ್ರಶ್ನೆ. 2023ರ ಡಿಸೆಂಬರ್ 6ರಂದು ಈಗಿನ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಗಾಝಾಕ್ಕಾಗಿ ಅದೇ 99ನೇ ವಿಧಿಯನ್ನು ಬಳಸಿದರು, ಊ ಥಾಂಟ್ ಬಳಸದೆ ಬಿಟ್ಟದ್ದನ್ನು. ಎರಡು ದಿನಗಳ ನಂತರ ಮಂಡಳಿಯ 15 ಸದಸ್ಯರಲ್ಲಿ 13 ಮಂದಿ ಕದನವಿರಾಮಕ್ಕೆ ಕೈ ಎತ್ತಿದರು, ಬ್ರಿಟನ್ ತಟಸ್ಥವಾಯಿತು, ಅಮೆರಿಕ ವೀಟೋ ಹಾಕಿತು. ನಾವು ಇದನ್ನು ಹೇಳಿದಾಗ ಹುಡುಗ, "ಅಂದ್ರೆ ಅವರು ಹೇಳಿದ್ದು ವ್ಯರ್ಥ ತಾನೇ?" ಎಂದ. ಕೈ ಎತ್ತದೆ ಅಡ್ಡಬಂದವರು ಯಾರೆಂದು ಲೋಕದ ಮುಂದೆ ದಾಖಲಾಯಿತಲ್ಲ ಎಂದೆವು. ಅವನಿಗೆ ಸಮಾಧಾನವಾಗಲಿಲ್ಲ. ನಮಗೂ ಪೂರ್ತಿ ಆಗಿಲ್ಲ.

1967ರ ನಂತರ ನಿಯಮವೇ ಬದಲಾಯಿತು. 1973ರ ಅಕ್ಟೋಬರ್ ಯುದ್ಧದ ಕೊನೆಗೆ ಸಿನಾಯ್‌ಗೆ ಎರಡನೆಯ ಪಡೆ ಹೋದಾಗ ಅದನ್ನು ಕಟ್ಟಿದ್ದು ಸಾಮಾನ್ಯ ಸಭೆಯಲ್ಲ, ಭದ್ರತಾ ಮಂಡಳಿ. ಮೊದಲ ಅವಧಿ ಆರು ತಿಂಗಳು ಮಾತ್ರ, ಮುಂದೆ ಮಂಡಳಿಯೇ ನವೀಕರಿಸಬೇಕು. ಪಡೆಯ ಕೆಲಸಕ್ಕೆ ತೊಡಕಾಗುವ ಯಾವ ವಿಷಯವನ್ನೂ ಪ್ರಧಾನ ಕಾರ್ಯದರ್ಶಿ ಮಂಡಳಿಗೆ ಒಪ್ಪಿಸಬೇಕು. ಊ ಥಾಂಟ್ ಒಂದು ಸಂಜೆಯಲ್ಲಿ ಬರೆದಂಥ ಉತ್ತರವನ್ನು ಇನ್ನು ಯಾವ ಪ್ರಧಾನ ಕಾರ್ಯದರ್ಶಿಯೂ ಒಬ್ಬರೇ ಬರೆಯುವಂತಿರಲಿಲ್ಲ. ಆ ಪಡೆ 1979ರ ಜುಲೈವರೆಗೆ ಇತ್ತು. ಈ ಸಲ ಅದನ್ನು ಹೋಗೆಂದವರು ಈಜಿಪ್ಟಿನವರಲ್ಲ. ಈಜಿಪ್ಟ್ ಮತ್ತು ಇಸ್ರೇಲ್ ಒಪ್ಪಂದ ಮಾಡಿಕೊಂಡಿದ್ದವು, ಇಬ್ಬರಿಗೂ ಪಡೆ ಬೇಕಿತ್ತು. ಆ ಒಪ್ಪಂದವನ್ನು ವಿರೋಧಿಸಿದ ಸೋವಿಯತ್ ರಷ್ಯಾ ನವೀಕರಣಕ್ಕೆ ಒಪ್ಪುವಂತಿರಲಿಲ್ಲ, ಮಂಡಳಿ ಅವಧಿಯನ್ನು ಮುಂದುವರಿಸಲಿಲ್ಲ. 1982ರಿಂದ ಸಿನಾಯ್‌ನಲ್ಲಿ ನಿಂತಿರುವ ಕಾವಲು ಪಡೆ ವಿಶ್ವಸಂಸ್ಥೆಯದಲ್ಲ, ಅದರ ದಂಡನಾಯಕರು ಯಾವ ಪ್ರಧಾನ ಕಾರ್ಯದರ್ಶಿಗೂ ವರದಿ ಬರೆಯುವುದಿಲ್ಲ.